ಗುಬ್ಬಿ ಎಂಬ ಡ್ರೈವರ್

ಎಳೆಗೂಸುಗಳನ್ನು ತೂಗುವ ತಕ್ಕಡಿಗಳನ್ನು ಆಸ್ಪತ್ರೆಗಳಿಗೆ ಮಾಡಿಕೊಡುವ ಆ ವರ್ಕ್‌ಶಾಪಿನಲ್ಲಿ ಇದ್ದವರು ಮೂವರೇ: ಮಾವ, ಅತ್ತೆ, ಸೊಸೆ. ಮಾವನಿಗೆ ಕೋಪವಂತೂ ಮೂಗಿನ ತುದಿಯಲ್ಲೇ ಇತ್ತು. ಪ್ರೀತಿ ಎಲ್ಲಿದೆಯೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದು ಒಂದು ಡ್ರೈವರಿನಲ್ಲಿತ್ತು. ಡ್ರೈವರ್ ಎಂದರೆ ಗಾಡಿ ಓಡಿಸುವವನಲ್ಲ. ತಕ್ಕಡಿ ಅಳೆದ ತೂಕವನ್ನು ಕಂಪ್ಯೂಟರಿಗೆ ಒಪ್ಪಿಸುವ ಪುಟ್ಟ ಪ್ರೋಗ್ರಾಮು. ಇಪ್ಪತ್ತೆರಡು ವರ್ಷದ ಹಿಂದೆ ಅದನ್ನು ಬರೆದಾಗ ಮಾವ ಅದಕ್ಕೆ ‘ಗುಬ್ಬಿ’ ಎಂದು ಹೆಸರಿಟ್ಟರು. ಯಾಕೆ ಎಂದು ಕೇಳಿದವರಿಗೆ, "ಚಿಕ್ಕದು, ಜಾಸ್ತಿ ತಿನ್ನಲ್ಲ" ಎನ್ನುತ್ತಿದ್ದರು.

ನಿಜಕ್ಕೂ ಗುಬ್ಬಿ ಎನ್ನುವುದು ಅತ್ತೆಯ ತವರಿನ ಮುದ್ದು ಹೆಸರು. ಹೆಂಡತಿಯನ್ನು "ಏ", "ಇಲ್ನೋಡು", "ಕೇಳಿಸ್ತಾ" ಎಂದಷ್ಟೇ ಕರೆದು ಅಭ್ಯಾಸವಿದ್ದ ಈ ಮಹಾನುಭಾವರು ಆ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ದಿನಕ್ಕೆ ನಲವತ್ತು ಸಲ ಟೈಪ್ ಮಾಡುತ್ತಿದ್ದರು. ಒಲವು ತೋರಿಸಲು ಅವರಿಗೆ ತಿಳಿದಿದ್ದ ದಾರಿ ಅದೊಂದೇ.

ಈಗ ಸೊಸೆ ಸರಿಯಾಗಿ ಅದಕ್ಕೇ ಕೈಹಾಕಿದ್ದಳು.

"ಮಾವ, ಹೊಸ ತಕ್ಕಡಿ ಅರ್ಧ ಗ್ರಾಮಿನ ಲೆಕ್ಕದಲ್ಲಿ ಎಣಿಸುತ್ತೆ. ಮಗು ಎಷ್ಟು ಹಾಲು ಕುಡೀತು ಅಂತ ತಿಳಿಯೋಕೆ ಡಾಕ್ಟರುಗಳೇ ಕೇಳಿದ್ದು. ಡ್ರೈವರ್ ಕಳಿಸೋ ಅಂಕಿ ಬದಲಾಯ್ತು ಅಂದ್ಮೇಲೆ ಹೆಸರೂ ಬದಲಾಗ್ಬೇಕು."

"ಅಂಕಿ ಬದಲಾದ್ರೆ ಆಗ್ಲಿ. ಹೆಸರು ನಿನಗೇನು ಮಾಡಿತ್ತು?"

"ಅದೇ ಹೆಸರಿದ್ರೆ ವಾರ್ಡಿನ ಕಂಪ್ಯೂಟರುಗಳಲ್ಲಿ ತೂಕ ತೋರಿಸೋ ಹಳೇ ಪ್ರೋಗ್ರಾಮು ಇದು ನಮ್ಮ ಗುಬ್ಬೀನೇ ಅಂದ್ಕೊಂಡು ಕಣ್ಮುಚ್ಚಿ ನಂಬುತ್ತೆ. ಬೇರೆ ಹೆಸರಾದ್ರೆ, ಡ್ರೈವರ್ ಸಿಗ್ತಿಲ್ಲ ಅಂತ ನಿಂತುಬಿಡುತ್ತೆ."

"ನಿಂತ್ರೆ ಹನ್ನೊಂದು ಆಸ್ಪತ್ರೆಯಿಂದ ಫೋನು ಬರುತ್ತೆ. ಯಾರು ಹೋಗಿ ಸರಿಮಾಡೋದು? ನಿನ್ನ ಗಂಡನಾ? ಅವನಿಗೆ ಬಲ್ಬು ಬದಲಾಯಿಸೋಕೂ ಬರಲ್ಲ."

ಕಳಿಸುವ ಅಂಕಿಯ ಅರ್ಥ ಬದಲಾದ ಡ್ರೈವರ್ ಹಳೇ ಹೆಸರಿನಲ್ಲಿ ತಿರುಗಬಾರದು ಎಂಬ ಪಾಠವನ್ನು ಸೊಸೆಗೆ ಕಲಿಸಿದವರೇ ಮಾವ. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅದು ಅವರಿಗೂ ಗೊತ್ತಿತ್ತು, ಗೊತ್ತಿದ್ದರಿಂದಲೇ ದನಿ ಇನ್ನಷ್ಟು ಏರಿತ್ತು. ಕೊನೆಗೆ ಹೊಸ ಡ್ರೈವರ್ ಹಳೇ ಹೆಸರಿನಲ್ಲೇ ಪರೀಕ್ಷೆಗೆ ಹೋಯಿತು.

ಪರೀಕ್ಷೆ ಅತ್ತೆಯ ಪಾಲಿನ ಕೆಲಸ. ಎಳೆಗೂಸುಗಳ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಿಯಾದವರು ಅವರು. ತಾವು ತೂಗಿ ನೋಡದೆ ಒಂದು ತಕ್ಕಡಿಯನ್ನೂ ಡಬ್ಬಕ್ಕೆ ತುಂಬುತ್ತಿರಲಿಲ್ಲ. ಹೊಸ ತಕ್ಕಡಿಯನ್ನು ಹಳೇ ಪ್ರೋಗ್ರಾಮಿದ್ದ ಕಂಪ್ಯೂಟರಿಗೆ ಜೋಡಿಸಿ, ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ಪರದೆ ನೋಡಿದರು. ಬಟ್ಟುಗಳನ್ನು ತೆಗೆದು ಮತ್ತೆ ಇಟ್ಟರು.

"ರೀ, ಬನ್ನಿ ಇಲ್ಲಿ. ಒಂದು ಕೆಜಿ ನಾನೂರು ಗ್ರಾಂ ಇಟ್ಟಿದ್ದೀನಿ. ಎರಡು ಕೆಜಿ ಎಂಟುನೂರು ತೋರಿಸ್ತಿದೆ."

"ಹಳೇ ಪ್ರೋಗ್ರಾಮಲ್ವಾ, ಒಂದೊಂದು ಅರ್ಧ ಗ್ರಾಮನ್ನೂ ಒಂದು ಗ್ರಾಮು ಅಂತ ಓದುತ್ತೆ" ಎಂದು ಮಾವ ಗೊಣಗಿದರು.

"ತೊಂಬತ್ತು ಕೆಜಿ ಅಂದಿದ್ರೆ ಯಾರೂ ನಂಬ್ತಿರಲಿಲ್ಲ. ಇದನ್ನ ನಾನೂ ನಂಬ್ತಿದ್ದೆ ಕಣ್ರೀ. ಗಾಜಿನ ಪೆಟ್ಟಿಗೇಲಿ ಬೆಚ್ಚಗಿಡಬೇಕಾದ ಕೂಸಿಗೆ ದುಪ್ಪಟ್ಟು ಔಷಧಿ ಕೊಟ್ಟುಬಿಡ್ತಿದ್ದೆ."

ಮಾವ ಬಟ್ಟುಗಳನ್ನು ತಾವೇ ಇನ್ನೊಮ್ಮೆ ಎಣಿಸಿದರು.

"ಪರದೆಯ ಮೂಲೇಲಿ ಡ್ರೈವರಿನ ಹೆಸರಿದೆ, ಓದಿ."

ಮಾವ ಓದಲಿಲ್ಲ.

"ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ? ವಾರ್ಡಲ್ಲಿ ಒಂದೊಂದು ಕೂಸನ್ನ ತೂಗುವಾಗ್ಲೂ ಅಲ್ಲಿ ನನ್ನ ಹೆಸರು ಕಾಣೋದು. ಎಷ್ಟು ಖುಷಿ ಆಗ್ತಿತ್ತು ಗೊತ್ತಾ? ಬಾಯಲ್ಲಿ ಹೇಳದಿದ್ರೂ ಬರ್ದಿದ್ದಾರಲ್ಲ ಅಂತ." ಅತ್ತೆಯ ದನಿ ಸಣ್ಣಗಾಯಿತು. "ನನ್ನ ಹೆಸರಲ್ಲಿ ಸುಳ್ಳು ಹೇಳಿಸ್ಬೇಡಿ ರೀ."

ಸೊಸೆಗೆ ಆಗ ಎಲ್ಲ ಅರ್ಥವಾಯಿತು. ಮೇಜಿನ ಮೇಲೆ ಕಣ್ಣೆದುರೇ ಇದ್ದ ಸ್ಕ್ರೂಡ್ರೈವರನ್ನು ಮೇಜಿನಡಿ ಹುಡುಕತೊಡಗಿದಳು.

ಮಾವ ಕೂತು ಒಂದೊಂದೇ ಅಕ್ಷರ ಅಳಿಸಿದರು. ‘ತೂಕ-೨’ ಎಂದು ಬರೆದರು. ಹಳೇ ಪ್ರೋಗ್ರಾಮು, ಡ್ರೈವರ್ ಸಿಗುತ್ತಿಲ್ಲ, ತೂಕ ತೋರಿಸಲಾಗದು ಎಂದು ಹೇಳಿ ನಿಂತಿತು. ಸರಿಯಾಗಿಯೇ ನಿಂತಿತ್ತು. ಆಮೇಲೆ ಹನ್ನೊಂದು ಆಸ್ಪತ್ರೆಗೂ ತಾವೇ ಫೋನು ಮಾಡಿ, ಹೊಸ ತಕ್ಕಡಿಗೆ ಹೊಸ ಪ್ರೋಗ್ರಾಮನ್ನೇ ಹಾಕಬೇಕೆಂದು ಒಂದು ಸಲವೂ ಸಿಡುಕದೆ ವಿವರಿಸಿದರು.

ಮಧ್ಯಾಹ್ನ ಅತ್ತೆ ಗೇಟಿನ ಹತ್ತಿರ ನಿಂತು ಡಬ್ಬಗಳನ್ನು ವ್ಯಾನಿಗೆ ಏರಿಸುತ್ತಿದ್ದರು. ಮಾವ ಬಾಗಿಲಿಗೆ ಬಂದು "ಏ" ಎಂದರು. ಅಲ್ಲಿಗೇ ತಡೆದರು. ಈ ವಯಸ್ಸಿನಲ್ಲಿ ಕಿವಿ ಕೆಂಪಾಯಿತು.

"ಗುಬ್ಬೀ!"

ವ್ಯಾನಿನವನೂ ತಿರುಗಿ ನೋಡಿದ. ಒಳಗೆ ಸೊಸೆಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅತ್ತೆ ಕೈಯಲ್ಲಿದ್ದ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು.

"ಏನ್ರೀ?"

"ಏನಿಲ್ಲ. ಊಟಕ್ಕೆ ಬಾ."

"ಇನ್ನೊಂದ್ಸಲ ಕರೀರಿ, ಬರ್ತೀನಿ."

ಮಾವ ಕರೆದರು.