ಗುಂಡುಗಲ್ಲಿನ ಬುಡದ ಸುಣ್ಣ

ಬೆಳಕು ಹರಿಯುವ ಹೊತ್ತಿಗೆ ಸುಣ್ಣದ ಗೆರೆ ತುಂಡಾಗಿತ್ತು. ಸೂಗಮ್ಮ ಬಗ್ಗಿ ಮತ್ತೊಮ್ಮೆ ನೋಡಿದಳು. ಮನೆಯ ಹಿಂದಿನ ಗುಡ್ಡದಲ್ಲಿ, ಗುಂಡುಗಲ್ಲಿಗೂ ಅದನ್ನು ಹೊತ್ತ ಬಂಡೆಗೂ ಸೇರಿಸಿ ನಿನ್ನೆ ಅವಳೇ ಎಳೆದ ಗೆರೆ ಅದು. ಅದರ ನೇರ ಕೆಳಗೇ ಅವಳ ಮಾಳಿಗೆ ಮನೆ. ಒಳಗೆ, ದೇವದುರ್ಗದಿಂದ ಬಾಣಂತನಕ್ಕೆ ಬಂದ ಮಗಳು ಅಯ್ಯಮ್ಮ ಮೂರು ದಿನದ ಕೂಸಿನೊಂದಿಗೆ ಮಲಗಿದ್ದಳು.

ಎಲ್ಲ ಶುರುವಾದದ್ದು ಸರ್ವೆ ಸಾಹೇಬನಿಂದ. ರಾಯಚೂರಿನಿಂದ ಜೀಪಿನಲ್ಲಿ ಬಂದವನು ಮಲ್ಲಟದ ಈ ಗುಡ್ಡದ ನೆತ್ತಿಯಲ್ಲಿ ಹಿತ್ತಾಳೆ ಗುರುತು ಹೂಳಿ, ಅದರ ಮೇಲೆ ಮೂರು ಕಾಲಿನ ಯಂತ್ರವೊಂದನ್ನು ನಿಲ್ಲಿಸಿದ್ದ. ಕುಡಿಯಲು ನೀರು ಒಯ್ದ ಸೂಗಮ್ಮ ಸುಮ್ಮನೆ ಬರುವವಳೇ?

"ಇದೇನ್ರೀ ಸಾಹೇಬ್ರ?"

"ಆಕಾಶದಲ್ಲಿ ಉಪಗ್ರಹ ತಿರುಗ್ತವಲ್ಲಮ್ಮ, ಅವುಗಳ ಸದ್ದು ಹಿಡಿಯೋ ಯಂತ್ರ. ಈ ಗುರುತು ಎಲ್ಲಿದೆ ಅಂತ ಅದರಿಂದ ತಿಳಿಯುತ್ತೆ. ನಾಲ್ಕು ವರ್ಷ ಬಿಟ್ಟು ಬಂದು ಮತ್ತೆ ಅಳೆದರೆ, ನೆಲ ಎಷ್ಟು ಸರಿದಿದೆ ಅಂತ ಗೊತ್ತಾಗುತ್ತೆ."

"ನೆಲ ಸರೀತದೇನ್ರೀ?"

"ಸರಿಯುತ್ತೆ, ವರ್ಷಕ್ಕೆ ಎರಡು ಬೆರಳಷ್ಟು. ಎಲ್ಲ ಒಟ್ಟಿಗೇ ಸರಿಯುತ್ತೆ, ಹೆದರಬೇಡಿ."

ಹಾಗೆಂದು ಅವನು ಜೀಪು ಹತ್ತಿ ಹೋದ. ಹೆದರಿಕೆ ಸೂಗಮ್ಮನ ಹೊಟ್ಟೆಯಲ್ಲಿ ಉಳಿಯಿತು. ಐದಾರು ವರ್ಷದ ಹಿಂದೆ, ಸ್ಕೈಲ್ಯಾಬ್ ಎಂಬ ಯಂತ್ರ ಆಕಾಶದಿಂದ ತಲೆ ಮೇಲೆ ಬೀಳುತ್ತದೆಂದು ಊರಿಗೆ ಊರೇ ಇದ್ದಬದ್ದ ಕೋಳಿಗಳನ್ನು ಕೊಯ್ದು ಉಂಡು ಕೂತಿತ್ತು. ಅದು ಊರ ಮೇಲೆ ಬೀಳಲಿಲ್ಲ, ಕೋಳಿಗಳು ಮಾತ್ರ ಹೋದವು. ಆ ನಗೆಪಾಟಲು ನೆನಪಿದ್ದುದರಿಂದ ಸೂಗಮ್ಮ ಈ ಸಲ ಬಾಯಿ ಬಿಡದೆ, ಸಾಹೇಬನ ಹಾಗೆ ತಾನೂ ಒಂದು ಗುರುತು ಮಾಡಲು ಹೊರಟಳು. ನಿನ್ನೆ ಸಂಜೆ ಇದ್ದೊಂದು ಆಡನ್ನು ಗೂಟಕ್ಕೆ ಕಟ್ಟಿ, ಗೋಡೆಗೆ ಬಳಿದು ಉಳಿದ ಸುಣ್ಣದಲ್ಲಿ ಗೆರೆ ಎಳೆದು ಬಂದಿದ್ದಳು.

ಈಗ ಗುಡ್ಡ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ.

"ಏಳವ್ವ, ಕೂಸಿನ್ನ ತಗೊಂಡು ಹೊರಗ ಬಾ."

ಅಯ್ಯಮ್ಮ ಕಣ್ಣುಜ್ಜಿಕೊಂಡಳು. "ಐದನೇ ದಿನದ ಪೂಜಿ ಆಗೋತನಕ ಹೊಸ್ತಿಲ ದಾಟಬಾರದಂತ ನೀನ ಅಂದಿದ್ದೆಲ್ಲಬೇ."

"ಅಂದಿದ್ದೆ. ಈಗ ದಾಟು. ಗುಂಡು ಸರಿದದ."

ಹೊರಗೆ ಚಳಿಗಾಳಿ ಬೀಸುತ್ತಿತ್ತು. ಬೇವಿನ ಮರದಡಿ ಅತ್ತೂ ಅತ್ತೂ ಕೂಸಿನ ತುಟಿಗಳು ನೀಲಿಯಾದವು. ಸೂಗಮ್ಮ ಒಮ್ಮೆ ಕೂಸನ್ನು, ಒಮ್ಮೆ ಗುಂಡನ್ನು ನೋಡಿದಳು. ಗಂಡ ಹುಲಿಗೆಪ್ಪ ಗುಡ್ಡ ಹತ್ತಿ ನೋಡಿ ಬಂದ.

"ಗುಂಡು ಎಲ್ಲಿ ಸರಿದದ? ಆಡು ಸುಣ್ಣ ನೆಕ್ಕ್ಯದ, ಅಷ್ಟ. ನಿನ್ನ ಹುಚ್ಚಿಗೆ ಕೂಸು ಕೈಬಿಟ್ಟು ಹೋದೀತು. ಒಳಗ ನಡೀ ಅಯ್ಯಮ್ಮ."

ಸೂಗಮ್ಮನಿಗೆ ಹೋದ ಜೀವ ಬಂದಂತಾಯಿತು. ಅಯ್ಯಮ್ಮ ಕೂಸನ್ನು ಅವುಚಿಕೊಂಡು ಹೊಸ್ತಿಲು ದಾಟಿದಳು. ಹುಲಿಗೆಪ್ಪ ಬಾಗಿಲು ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಒಳಗೆ ಅಳು ನಿಂತಿತು.

ಆಡಿಗೆ ನಾಲ್ಕು ಬಿಗಿಯಲೆಂದು ಸೂಗಮ್ಮ ಹಿತ್ತಲಿಗೆ ಹೋದಳು. ಆಡು ಗೂಟದಲ್ಲೇ ಇತ್ತು. ಹಗ್ಗದ ಗಂಟು ಸಂಜೆ ಅವಳು ಹಾಕಿದಂತೆಯೇ ಬಿಗಿಯಾಗಿತ್ತು. ಅವಳು ಬಗ್ಗಿ ಅದರ ಮೂತಿ ಹಿಡಿದು ಸೆರಗಿನಿಂದ ಒರೆಸಿದಳು. ಸೆರಗಿಗೆ ಸೊಪ್ಪಿನ ಹಸಿರು ಹತ್ತಿತು. ಇನ್ನೊಂದು ಬದಿಯನ್ನೂ ಒರೆಸಿ ನೋಡಿದಳು. ಬಿಳುಪು ಎಲ್ಲೂ ಇರಲಿಲ್ಲ.