ಪಕ್ಕದ ಮನೆಯ ಚಂದ್ರಿಕೆ

ಆಯ್ಕೆಗೆಂದು ಕರೆಸಿ, ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂರಿಸಿ, ಕೊನೆಗೆ ಬಾಸ್ಕೆಟ್‌ಬಾಲ್ ತಂಡದಲ್ಲಿ ಜಾಗವಿಲ್ಲ ಎಂದಾಗ ಮೇಘನಳ ಮೈಯೆಲ್ಲ ಉರಿದುಹೋಯಿತು. ಪಿಯುಸಿ ಮುಗಿದ ಕೂಡಲೇ ಕೋಲಾರದ ನಮ್ಮ ಕಾಲೇಜಿಗೆ ಬಾ ಎಂದು, ಆವನಿ ಹಳ್ಳಿಯ ಅವಳ ಮನೆಗೇ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು ಮಾತು ಕೊಟ್ಟಿದ್ದವರು ಇದೇ ಕೋಚ್ ಉದಯಕುಮಾರ್. ಅದು ನಾಲಿಗೆಯೋ ಎಕ್ಕಡವೋ? ಆ ಮಾತು ನಂಬಿ, ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸವನ್ನೆಲ್ಲ ಅಮ್ಮನೊಬ್ಬಳ ತಲೆಗೆ ಕಟ್ಟಿ ಬಂದಿದ್ದಳು.

ಅಂಕಣದಲ್ಲಿ ಹೊಸ ಜೆರ್ಸಿ ತೊಟ್ಟು ಆಡುತ್ತಿದ್ದವರು ಮಾಲೂರು, ಮುಳಬಾಗಿಲು ಕಾಲೇಜುಗಳಿಂದ ವರ್ಗಾವಣೆ ಮಾಡಿಸಿ ತಂದ ಕೊನೆಯ ವರ್ಷದ ಹುಡುಗಿಯರು.

“ಈಗೆಲ್ಲ ಹಿಂಗೇ ಕಣಮ್ಮ. ಪಿಯುಸಿ ಮಕ್ಕಳನ್ನ ತಂದು ತಿದ್ದೋಕೆ ಯಾರಿಗಿದೆ ಟೈಮು? ರೆಡಿ ಇರೋರೇ ಸಿಗ್ತಾರಲ್ಲ,” ಎಂದರು ಉದಯಕುಮಾರ್. “ನಿಮ್ಮಮ್ಮನೂ ಮೊಟ್ಟೆ ಇಟ್ಕೊಂಡು ಕಾಯಲ್ಲ, ಮರಿಹುಳ ತಾನೇ ಕೊಂಡ್ಕೊಂಡ್ ಬರೋದು? ನೀನು ಮುಳಬಾಗಿಲು ಕಾಲೇಜಿಗೆ ಸೇರ್ಕೊಂಡು ಎರಡು ವರ್ಷ ಚೆನ್ನಾಗಿ ಆಡು. ಆಮೇಲೆ ನಾನೇ ಬಂದು ಕರ್ಕೊಂಡ್ ಬರ್ತೀನಿ.”

ಹೇಳಿ ನಕ್ಕರು ಬೇರೆ. ಮೇಘನ ಬ್ಯಾಗು ಹೆಗಲಿಗೇರಿಸಿದಳು. ಆಡುತ್ತಿದ್ದವರು ಚೆಂಡು ಹಿಡಿದು ನಿಂತುಬಿಡುವಷ್ಟು ಜೋರಾಗಿ ಹೇಳಿದಳು:

“ಅಮ್ಮ ಮರಿಹುಳ ತಂದು, ಹಗಲೂ ರಾತ್ರಿ ಸೊಪ್ಪು ಹಾಕಿ ಸಾಕ್ತಾಳೆ ಸರ್. ಪಕ್ಕದ ಮನೆ ಚಂದ್ರಿಕೆಯಿಂದ ಕಟ್ಟಿದ ಗೂಡು ಬಿಡಿಸ್ಕೊಂಡ್ ಬರಲ್ಲ. ಅದನ್ನ ನಮ್ಮೂರಲ್ಲಿ ಕಳ್ಳತನ ಅಂತಾರೆ.”