ಒರೆಸಿದ ಸ್ಲೇಟು

ಮಾಲೂರಿನ ಒಂದು ಸಣ್ಣ ಕಂಪನಿಯಲ್ಲಿ ಮುಳಬಾಗಿಲಿನ ನಂದಕಿಶೋರನಿಗೆ ಕರ್ನಲ್ ಬರೆಯುವ ಕೆಲಸ. ಕರ್ನಲ್ ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಎಲ್ಲಕ್ಕೂ ಅಪ್ಪಣೆ ಕೊಡುವ ಭಾಗ. ಎಲ್ಲೋ ಬೇರೆ ಕೋಣೆಯಲ್ಲಿರುವ ಡಿಸ್ಕ್ ಪೆಟ್ಟಿಗೆಯನ್ನು ಅದು ತನ್ನದೇ ಡಿಸ್ಕಿನಂತೆ ಬಳಸಬೇಕು, ಅದಕ್ಕೆ ಬೇಕಾದ ಕೋಡನ್ನು ಇವನು ಬರೆದಿದ್ದ. ಎರಡು ಸಾವಿರದ ಮೂರರ ಆಷಾಢದಲ್ಲಿ ಪರೀಕ್ಷೆಗೆಂದು ಅದನ್ನು ಶ್ರೀನಿವಾಸಪುರದ ಹತ್ತಿರ ಚನ್ನರಾಯಪ್ಪನವರ ಮಾವಿನ ನರ್ಸರಿಯಲ್ಲಿ ಹಾಕಿದರು. ಕಂಪ್ಯೂಟರು ಆಫೀಸಿನಲ್ಲಿ, ಪೆಟ್ಟಿಗೆ ಗೊಬ್ಬರದ ಗೋಡೌನಿನಲ್ಲಿ, ನಡುವೆ ಅರವತ್ತು ಗಜ ಕೇಬಲ್ಲು.

ಕಸಿ ಕಟ್ಟುವ ಮುನಿಯಲ್ಲಪ್ಪ ಯಾವ ಸಸಿಗೆ ಯಾವ ತಾಯಿಮರದ ಕಡ್ಡಿ ಕಟ್ಟಿದನೆಂದು ಸ್ಲೇಟಿನಲ್ಲಿ ಗೀಚಿ ತರುತ್ತಿದ್ದ. ಆಫೀಸಿನಲ್ಲಿ ಲೆಕ್ಕ ಬರೆಯುವ ಆದಿಲಕ್ಷ್ಮಿ ಅದನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತಿದ್ದಳು. ಪರದೆಯ ಮೇಲೆ ‘ಬರೆದಾಯಿತು’ ಎಂದು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ಲೇಟನ್ನು ವಾಪಸು ಕೊಡುವಳು. ತಾಯಿಮರಗಳು ಹನ್ನೆರಡು, ಎಲ್ಲವೂ ಬಾದಾಮಿ ಜಾತಿ, ಹಣ್ಣಿನ ಗುಣ ಮಾತ್ರ ಬೇರೆ ಬೇರೆ. ಎಲೆ ನೋಡಿ ಯಾವ ಮರದ್ದೆಂದು ಯಾರಪ್ಪನಿಗೂ ಹೇಳಲಾಗದು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ನಾಲ್ಕು ಸ್ಲೇಟಿನ ನೂರಾ ಅರವತ್ತು ಸಸಿಗಳ ಲೆಕ್ಕ ಮಾಯ!

ಮಾರನೆ ದಿನ ನಂದಕಿಶೋರ್ ಬರುವಷ್ಟರಲ್ಲಿ ಚನ್ನರಾಯಪ್ಪ ಕೂಗಾಡುತ್ತಿದ್ದರು.

“ಸ್ಲೇಟ್ ಯಾಕಮ್ಮಾ ಒರೆಸ್ದೆ? ಇನ್ನು ಅವು ಕಾಯಿ ಬಿಡೋ ತನಕ ನಾಲ್ಕು ವರ್ಷ ಕಾಯ್ಬೇಕಾ ನಾನು?”

“ಬರೆದಾಯ್ತು ಅಂತ ಬಂತು ಸಾರ್. ನನ್ ಕಣ್ಣಾರೆ ನೋಡ್ದೆ.”

“ಏನಯ್ಯಾ ಇಂಜಿನಿಯರು, ನಿನ್ ಮಿಷನ್ ಸುಳ್ಳು ಹೇಳ್ತದಾ?”

ಹೇಳುತ್ತದೆ, ಹೇಳುವುದನ್ನು ಕಲಿಸಿದವನು ತಾನೇ ಎಂದು ನಂದಕಿಶೋರನಿಗೆ ಗೊತ್ತಿತ್ತು. ಪೆಟ್ಟಿಗೆಯಿಂದ ಉತ್ತರ ಬರುವವರೆಗೆ ಕಾದರೆ ಎಲ್ಲಾ ನಿಧಾನ. ಕಂಪನಿಯ ಸಾಹೇಬರ ಮುಂದೆ ವೇಗ ತೋರಿಸಬೇಕೆಂದು, ಬರೆಯುವುದನ್ನೆಲ್ಲ ಕಂಪ್ಯೂಟರಿನ ನೆನಪಿನಲ್ಲೇ ಗುಡ್ಡೆ ಹಾಕಿಕೊಂಡು ಮೊದಲೇ ‘ಆಯಿತು’ ಅಂದುಬಿಡುವಂತೆ ಮಾಡಿದ್ದ. ಕರೆಂಟು ಹೋದರೆ ಆ ಗುಡ್ಡೆಯೂ ಹೋದಂತೆ. ಆಮೇಲೆ ಸರಿಮಾಡೋಣ ಅಂದುಕೊಂಡು ಮರೆತಿದ್ದ.

“ಮೇಡಂ ಯಾವ್ದೋ ಬೇರೆ ಬಟನ್ ಒತ್ತಿರ್ಬೇಕು ಸಾರ್,” ಅಂದ.

ಆದಿಲಕ್ಷ್ಮಿ ತಲೆ ತಗ್ಗಿಸಿದಳು. ತಿಂಗಳ ಕೊನೆಗೆ ಕೆಲಸ ಬಿಡು ಎಂದು ಚನ್ನರಾಯಪ್ಪ ಹೇಳಿಬಿಟ್ಟರು.

ಗೇಟಿನ ಹತ್ತಿರ ಮುನಿಯಲ್ಲಪ್ಪ ಸಸಿಗಳಿಗೆ ಕೆಂಪು ದಾರ ಕಟ್ಟುತ್ತಿದ್ದ. ಕೆಲವಕ್ಕೆ ಮಾತ್ರ.

“ಇವಕ್ಕೆ ಯಾಕಿಲ್ಲ?” ನಂದಕಿಶೋರ್ ಕೇಳಿದ.

“ಚಿಗುರೇ ಬಂದಿಲ್ಲವಲ್ಲ ಸಾಮಿ. ಕಟ್ಟಿದ್ ತಕ್ಷಣ ಕಸಿ ಹಿಡೀತು ಅಂತ ದಾರ ಕಟ್ಟಿದ್ರೆ ತಗೊಂಡೋದೋರು ನನ್ ಮುಖಕ್ಕೆ ಉಗೀತಾರೆ.”

ಬಸ್ಸಿನಲ್ಲಿ ಕೋಲಾರ ದಾಟುವವರೆಗೂ ಅವನ ಮುಖ ಬಿಸಿಯಾಗಿಯೇ ಇತ್ತು.

ಕೋಡಿನಿಂದ ಆ ಮೋಸದ ಸಾಲನ್ನು ಅಂದೇ ತೆಗೆದ. ಪೆಟ್ಟಿಗೆ ಹ್ಞೂಂ ಅನ್ನುವ ತನಕ ಕರ್ನಲ್ ಕಾಯುವಂತಾಯಿತು, ವೇಗ ಅರ್ಧಕ್ಕಿಳಿಯಿತು, ಸಾಹೇಬರು ಬೈದರು. ಅದೆಲ್ಲ ಸುಲಭ. ಕಷ್ಟದ್ದು ಶ್ರೀನಿವಾಸಪುರದಲ್ಲಿತ್ತು. ಅಲ್ಲಿಗೆ ಹೋಗಲು ಎಂಟು ದಿನ ತಗೊಂಡ.

ಹೋದಾಗ ಆದಿಲಕ್ಷ್ಮಿ ಗೋಡೌನಿನಿಂದ ಓಡಿ ಬರುತ್ತಿದ್ದಳು. ಪ್ರತಿ ಸ್ಲೇಟು ಟೈಪಾದ ಮೇಲೂ ಪೆಟ್ಟಿಗೆಯ ದೀಪ ಮಿನುಗಿತೇ ಎಂದು ಅಲ್ಲಿಗೇ ಹೋಗಿ ನೋಡಿ ಬಂದು ಆಮೇಲೆ ಒರೆಸುತ್ತಾಳಂತೆ.

“ನನ್ ದೆಸೆಯಿಂದ ನಿಮ್ ಮಿಷನ್‌ಗೆ ಕೆಟ್ಟ ಹೆಸರು ಬಂತು ಸಾರ್, ಏನೂ ಅನ್ಕೋಬೇಡಿ,” ಅಂದಳು.

ಅವನು ಚನ್ನರಾಯಪ್ಪನವರನ್ನು ಅಲ್ಲಿಗೇ ಕರೆದ.

“ತಪ್ಪು ಇವರದಲ್ಲ ಸಾರ್. ಮಿಷನ್ ಸುಳ್ಳು ಹೇಳ್ತು. ಹೇಳೋ ಹಾಗೆ ಬರೆದೋನು ನಾನು. ಅವತ್ತೇ ಗೊತ್ತಿತ್ತು.”

ಚನ್ನರಾಯಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಓದಿದೋನು ಬೇರೆ ಕಣಯ್ಯಾ ನೀನು,” ಅಂದರು. ಆಮೇಲೆ ಅವಳ ಕಡೆ ನೋಡದೆ, “ಕೆಲ್ಸ ಬಿಡೋದ್ ಬೇಡಮ್ಮ,” ಎಂದು ಹೊರಟುಹೋದರು.

ಅವನು ಆಫೀಸಿನ ಕಂಪ್ಯೂಟರಿಗೆ ಸರಿಮಾಡಿದ ಕೋಡನ್ನು ಹಾಕುವಾಗ ಆದಿಲಕ್ಷ್ಮಿ ಪಕ್ಕದಲ್ಲಿ ನಿಂತು ಸ್ಲೇಟು ಒರೆಸಿದಳು.

“ಎಂಟು ದಿನ ನಮ್ಮಮ್ಮನ ಹತ್ರಾನೂ ಬೈಸ್ಕೊಂಡೆ ಸಾರ್. ನಾನೇ ಏನೋ ಒತ್ತಿರ್ಬೇಕು ಅಂತ ನಂಗೇ ಅನ್ಸೋಗಿತ್ತು.”

“ಈಗ ಸರಿಮಾಡಿದೀನಿ. ಬರೆದಾಯ್ತು ಅಂದ್ರೆ ನಿಜವಾಗ್ಲೂ...”

“ನೀವು ಟೈಪ್ ಮಾಡಿ,” ಎಂದು ಅವನ ಮುಂದೆ ಇನ್ನೊಂದು ಸ್ಲೇಟಿಟ್ಟಳು. “ನಾನು ಹೋಗಿ ನೋಡ್ಕೊಂಡ್ ಬರ್ತೀನಿ.”

ಅವನು ಕೂತು ಟೈಪ್ ಮಾಡಿದ. ‘ಬರೆದಾಯಿತು’ ಎಂದು ಬಂತು. ಒದ್ದೆ ಬಟ್ಟೆ ಪಕ್ಕದಲ್ಲೇ ಇತ್ತು. ಅವಳು ಬರುವ ತನಕ ಅವನು ಅದನ್ನು ಮುಟ್ಟಲಿಲ್ಲ.